ತೂಕವೂ ಕೊಸರೂ

ಕೆಲವು ದಿನಗಳ ಕೆಳಗೆ, ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳೊಡನೆ ತಿಪಟೂರಿನ ಸಂತೆಗೆ ಹೋಗಿದ್ದೆನು. ಬದನೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ತಕ್ಕಡಿಯನ್ನು ಸಮನಾಗಿ ಹಿಡಿದು ತೂಗಿ, ಕಾಯಿಗಳನ್ನು ನಮ್ಮ ಚೀಲಕ್ಕೆ ಸುರಿದ ಮೇಲೆ, ರಾಶಿಯಿಂದ ಇನ್ನೊಂದು ಕಾಯನ್ನು ಎತ್ತಿ ಹಾಕಿದಳು. ಹುಡುಗಿಯು ಅದನ್ನು ಹಿಂದಕ್ಕೆ ಕೊಡಹೋದಳು; ‘ಅಜ್ಜಿ, ಇದು ಹೆಚ್ಚಾಯಿತು’ ಎಂದಳು. ಮುದುಕಿಯು ನಕ್ಕು, ‘ಅದು ಕೊಸರು ಕಣವ್ವ, ಇಟ್ಕೊ’ ಎಂದಳು. ಹಿಂದಿರುಗುವ ದಾರಿಯಲ್ಲಿ ಹುಡುಗಿಯು, ‘ತಾತ, ತೂಕ ಸರಿಯಾಗಿತ್ತು ತಾನೆ? ಮತ್ತೆ ಕೊಸರು ಯಾಕೆ?’ ಎಂದು ಕೇಳಿದಳು.

ಮೂವತ್ತೈದು ವರ್ಷಗಳ ಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ನಿವೃತ್ತನಾದ ನನಗೆ ಈ ಪ್ರಶ್ನೆಗೆ ಒಡನೆಯೇ ಉತ್ತರ ತೋಚಲಿಲ್ಲ. ಪ್ರಶ್ನೆಯು ಬದನೆಕಾಯಿಯದಲ್ಲ. ಮಾರುವವನು ಕೊಳ್ಳುವವನಿಗೆ ಸಲ್ಲಿಸತಕ್ಕದ್ದು ಸರಿಯಾದ ತೂಕವಷ್ಟೆಯೋ, ಅಥವಾ ಅದರ ಮೇಲೆಯೂ ಏನಾದರೂ ಉಂಟೋ? ಉಂಟಾದರೆ ಅದು ಋಣವೋ, ದಾನವೋ? ಹಳ್ಳಿಯ ಜಗಲಿಯಂಗಡಿಯಿಂದ ಪೇಟೆಯ ಮಳಿಗೆಗೂ, ಅಲ್ಲಿಂದ ಕೈಯಲ್ಲಿ ಹಿಡಿದ ದೂರವಾಣಿಯ ಮೂಲಕ ಸಾಮಾನು ತರಿಸಿಕೊಳ್ಳುವ ಈ ಕಾಲಕ್ಕೂ ಬಂದಿರುವ ನಾವು ಈ ದಾರಿಯಲ್ಲಿ ಏನನ್ನು ಗಳಿಸಿದೆವು, ಏನನ್ನು ಕಳೆದುಕೊಂಡೆವು? ಪಾಠಶಾಲೆಯಲ್ಲಿ ನಮ್ಮ ಗುರುಗಳು, ಯಾವ ವಿಷಯವನ್ನು ಎತ್ತಿಕೊಂಡರೂ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿಲ್ಲಿಸಿದ ಮೇಲೆಯೇ ಸಿದ್ಧಾಂತಕ್ಕೆ ಕೈಹಾಕಬೇಕೆಂದು ವಿಧಿಸುತ್ತಿದ್ದರು. ಆ ಕ್ರಮವನ್ನೇ ಇಲ್ಲಿ ಅನುಸರಿಸುತ್ತೇನೆ. ನನ್ನ ಮನಸ್ಸಿಗೆ ಬಹುಕಾಲ ಪ್ರಿಯವಾಗಿದ್ದ ಪಕ್ಷವೇ ಇಲ್ಲಿ ಪೂರ್ವಪಕ್ಷವಾಗಿದೆಯೆಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುವುದು ಮೇಲು.

೧

ನಮ್ಮ ಹಳ್ಳಿಯಲ್ಲಿ ಇದ್ದುದು ಒಂದೇ ಅಂಗಡಿ. ೧೯೬೮ರ ಸುಮಾರಿನಲ್ಲಿ, ನನಗೆ ಎಂಟು ವರ್ಷವಿದ್ದಾಗ, ದಿನಕ್ಕೆ ಎರಡು ಸಲವಾದರೂ ನನ್ನನ್ನು ಅಲ್ಲಿಗೆ ಓಡಿಸುತ್ತಿದ್ದರು. ಮೆಟ್ರಿಕ್ ತೂಕಗಳ ಕಾನೂನು ೧೯೫೬ರಲ್ಲಿಯೇ ಆಗಿದ್ದರೂ, ಹೊಸ ನಾಣ್ಯವು ೧೯೫೭ರ ಏಪ್ರಿಲ್ ೧ರಿಂದಲೇ ಚಲಾವಣೆಗೆ ಬಂದಿದ್ದರೂ, ನಮ್ಮಲ್ಲಿ ಅಳೆಯುವ ಮಾತೆಲ್ಲ ಸೇರು, ಅಚ್ಚೇರು, ಪಾವು, ಚಟಾಕುಗಳಲ್ಲಿಯೇ ನಡೆಯುತ್ತಿದ್ದಿತು. ಹಣದ ಮಾತು ನಾಲ್ಕಾಣೆ ಎಂಟಾಣೆಗಳಲ್ಲಿ. ಹಣವಿಲ್ಲದವರು ರಾಗಿಯನ್ನೋ ಹರಳನ್ನೋ ಹುಣಿಸೆಹಣ್ಣನ್ನೋ ತಂದು ಸುರಿದು ಉಪ್ಪು ಮೆಣಸಿನಕಾಯಿಗಳನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದೂ ಇಲ್ಲದವರ ಹೆಸರು ಉದ್ದನೆಯ ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕದಲ್ಲಿ ಏರುತ್ತಿದ್ದಿತು. ಕೊಬ್ಬರಿ ಮಾರಿದ ಮೇಲೆ ಕೆಲವರು, ರಾಗಿ ಒಕ್ಕಿದ ಮೇಲೆ ಕೆಲವರು ಬಂದು ಆ ಕಡವನ್ನು ತೀರಿಸುವರು.

ಅಂಗಡಿಯ ಯಜಮಾನರಿಗೆ ಊರೆಲ್ಲ ಗೊತ್ತು. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಸಾವಾಗಿದೆ ಎಂಬುದೆಲ್ಲ ಸಾಮಾನಿನ ಚೀಟಿಯಿಂದಲೇ ಅವರಿಗೆ ತಿಳಿಯುತ್ತಿದ್ದಿತು. ನಾನು ಕಾಫಿಪುಡಿಯನ್ನೋ ಸಕ್ಕರೆಯನ್ನೋ ಕಟ್ಟಿಸಿಕೊಂಡು ಇಳಿಯುವಾಗ, ಬೆಲ್ಲದ ಅಚ್ಚಿನಿಂದ ಚೂರೊಂದನ್ನು ಮುರಿದು ನನ್ನ ಅಂಗೈಗೆ ಹಾಕುತ್ತಿದ್ದರು. ಅದೇ ಕೊಸರು. ತೂಕಕ್ಕೆ ಸೇರದ, ಬೆಲೆಗೆ ಸೇರದ, ಲೆಕ್ಕದ ಪುಸ್ತಕಕ್ಕೂ ಸೇರದ ವಸ್ತು.

ಈ ವ್ಯವಸ್ಥೆಯ ಪಕ್ಷವನ್ನು ವಹಿಸಿ ಹೇಳಬಹುದಾದುದೇನು? ಕ್ರಯವಿಕ್ರಯಗಳು ಇಬ್ಬರು ಮನುಷ್ಯರ ನಡುವಣ ಸಂಬಂಧವೇ ಹೊರತು ಎರಡು ವಸ್ತುಗಳ ನಡುವಣ ವಿನಿಮಯವಲ್ಲವೆಂಬುದು ಮೊದಲನೆಯ ಮಾತು. ಹೆಸರು ಬಲ್ಲ ಗಿರಾಕಿಗೆ ಕಲಬೆರಕೆಯ ಎಣ್ಣೆಯನ್ನು ಕೊಟ್ಟರೆ ನಾಳೆ ಅವನ ಮುಖವನ್ನು ನೋಡಬೇಕಾಗುತ್ತದೆಂಬುದು ಎರಡನೆಯ ಮಾತು. ಬೆಳೆಯು ಬರುವುದು ವರ್ಷಕ್ಕೆ ಒಂದೆರಡು ಸಲ, ಹಸಿವು ಬರುವುದು ದಿನಕ್ಕೆ ಎರಡು ಸಲ; ಈ ಎರಡರ ನಡುವಣ ಹಳ್ಳವನ್ನು ದಾಟಿಸುತ್ತಿದ್ದುದು ಅಂಗಡಿಯ ಉದ್ದರಿಯೆಂಬುದು ಮೂರನೆಯದು. ಇವೆಲ್ಲಕ್ಕೂ ಕೊಸರು ಒಂದು ಸಾಕ್ಷಿಯಂತೆ ಇದ್ದಿತು. ಹೀಗಿರಲು, ಅದನ್ನು ಬಿಟ್ಟು ಬಂದ ನಾವು ಬಡವರಾದೆವೆಂದು ಏಕೆ ಹೇಳಬಾರದು? ಈ ವಾದವನ್ನು ನಾನೂ ಸಭೆಗಳಲ್ಲಿ ಅನೇಕಾವರ್ತಿ ಮಾಡಿದ್ದೇನೆ. ಕೇಳಿದವರು ತಲೆದೂಗಿಯೂ ಇದ್ದಾರೆ.

೨

ಇನ್ನು ಆಕ್ಷೇಪ. ಇದನ್ನು ನನಗೆ ತಿಳಿಸಿದವರು ಯಾವ ಗ್ರಂಥಕಾರರೂ ಅಲ್ಲ; ನನ್ನೊಡನೆ ಪ್ರಾಥಮಿಕ ಶಾಲೆಯಲ್ಲಿ ಓದಿದ ಸಹಪಾಠಿಯೊಬ್ಬರು. ಓದಿ ಸರ್ಕಾರಿ ಹುದ್ದೆಯಲ್ಲಿದ್ದು ಈಗ ಅವರೂ ವಿಶ್ರಾಂತರಾಗಿದ್ದಾರೆ. ಮೂರು ವರ್ಷಗಳ ಕೆಳಗೆ ಒಂದು ಮದುವೆಯ ಮನೆಯಲ್ಲಿ ಊಟವಾದ ಮೇಲೆ ನಾನು ಎಂದಿನಂತೆ ಹಳೆಯ ಅಂಗಡಿಯನ್ನೂ ಬೆಲ್ಲದ ಚೂರನ್ನೂ ಹೊಗಳುತ್ತಿದ್ದೆನು. ಅವರು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: ‘ಮೇಷ್ಟ್ರೇ, ನೀವು ಜಗಲಿ ಮೇಲೆ ನಿಂತಿರ್ತಿದ್ರಿ. ನಾನು ಬೀದೀಲಿ ನಿಂತಿರ್ತಿದ್ದೆ. ನಮ್ಮವ್ವ ಕೊಟ್ಟ ಕಾಸನ್ನ ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರೀಬೇಕು. ಅವರು ಪೊಟ್ಟಣಾನ ಮೇಲಿಂದ ನನ್ನ ವಲ್ಲಿಗೆ ಎಸೀತಿದ್ರು. ಬೆಲ್ಲ ನನಗೆ ಯಾವತ್ತೂ ಸಿಕ್ಕಲಿಲ್ಲ. ಈಗ ದೊಡ್ಡ ಅಂಗಡೀಲಿ ತಳ್ಳುಗಾಡಿ ಹಿಡ್ಕೊಂಡು ಹೋಗ್ತೀನಿ. ಯಾರೂ ನನ್ನ ಕೇರಿ ಕೇಳೋದಿಲ್ಲ. ನಿಮಗೆ ಬೇಜಾರು ಅನ್ಸೋದೇ ನನಗೆ ಸುಖ.’

ನಾನು ಉತ್ತರ ಹೇಳಲಿಲ್ಲ. ಹೇಳಲು ಇರಲೂ ಇಲ್ಲ. ಆ ಹುಡುಗನು ಬೀದಿಯಲ್ಲಿ ನಿಂತಿದ್ದುದನ್ನು ನಾನು ಕಂಡಿರಲಿಲ್ಲವೇ? ಕಂಡಿದ್ದೆನು. ಬಿಸಿಲನ್ನು ಕಾಣುವಂತೆ, ಮಳೆಯನ್ನು ಕಾಣುವಂತೆ, ಪ್ರಶ್ನೆಯೇ ಇಲ್ಲದೆ ಕಂಡಿದ್ದೆನು. ಅವರ ಮನೆಯ ಕಡವು ಹಣದಿಂದ ತೀರುತ್ತಿರಲಿಲ್ಲವೆಂದೂ, ಅವರ ತಾಯಿಯು ಯಜಮಾನರ ಹಿತ್ತಿಲಿನಲ್ಲಿ ಹುಣಿಸೆಹಣ್ಣನ್ನು ಕುಟ್ಟಿ ಬೀಜ ತೆಗೆದು ತೀರಿಸುತ್ತಿದ್ದಳೆಂದೂ, ಎಷ್ಟು ಕುಟ್ಟಿದರೆ ಎಷ್ಟು ತೀರಿತೆಂಬ ಲೆಕ್ಕವು ಪುಸ್ತಕದವರಿಗೆ ಮಾತ್ರ ತಿಳಿದಿತ್ತೆಂದೂ ಅಂದು ಅವರಿಂದಲೇ ಕೇಳಿದೆನು. ಊರಿಗೆ ಇದ್ದುದು ಒಂದೇ ಅಂಗಡಿಯೆಂಬ ಮಾತನ್ನು ಮೇಲೆ ಎಷ್ಟು ಪ್ರೀತಿಯಿಂದ ಬರೆದೆನು! ಒಂದೇ ಅಂಗಡಿಯಿದ್ದಲ್ಲಿ ಬೆಲೆಯೂ ಒಂದೇ, ಪುಸ್ತಕವೂ ಒಂದೇ. ಮತ್ತೊಬ್ಬರಲ್ಲಿ ವಿಚಾರಿಸುವ ಬಾಗಿಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಬಲ್ಲವರು ಹತ್ತು ರಾಶಿಗಳನ್ನು ನೋಡಿ, ಚೌಕಾಸಿ ಮಾಡಿ, ಒಂದನ್ನು ಆರಿಸಬಹುದಾಗಿದ್ದಿತು. ಕೈಯಲ್ಲಿ ನಗದಿಲ್ಲದವರಿಗೆ ಸಂತೆಯೂ ಇರಲಿಲ್ಲ.

ಪರಿಚಯವು ದಯೆಗೆ ಕಾರಣವಾಗುವಂತೆಯೇ ಅವಮಾನಕ್ಕೂ ಕಾರಣವಾಗುತ್ತದೆಂಬುದು ಇದರಿಂದ ಸಿದ್ಧವಾಯಿತು. ನನ್ನನ್ನು ಬಲ್ಲವರಾದ್ದರಿಂದ ನನಗೆ ಬೆಲ್ಲ. ಅವರನ್ನು ಬಲ್ಲವರಾದ್ದರಿಂದ ಅವರಿಗೆ ಬೀದಿ. ಬಲ್ಲತನವು ಎರಡು ಕಡೆಯೂ ಒಂದೇ.

೩

ಈ ದೋಷಕ್ಕೆ ಮನುಷ್ಯನು ಕಂಡುಕೊಂಡ ಔಷಧವು ಅಳತೆ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಕಥೆಯನ್ನು ವಾಚಕರು ಬಲ್ಲರು. ಜಾಜಲಿಯೆಂಬ ತಪಸ್ವಿಯು ಅಲುಗಾಡದೆ ನಿಂತುದರಿಂದ ಅವನ ಜಟೆಯಲ್ಲಿ ಹಕ್ಕಿಗಳು ಗೂಡುಕಟ್ಟಿ ಮರಿಮಾಡಿದುವು; ತನಗೆ ಸಮಾನರಿಲ್ಲವೆಂದು ಅವನು ಗರ್ವಪಟ್ಟಾಗ, ವಾರಾಣಸಿಯ ವರ್ತಕನಾದ ತುಲಾಧಾರನಿಗೆ ಅವನು ಸಾಟಿಯಲ್ಲವೆಂಬ ಮಾತು ಕೇಳಿಬಂದಿತು. ಹೋಗಿ ನೋಡಿದರೆ ಅವನು ಗಂಧ, ಮೂಲಿಕೆ, ರಸಪದಾರ್ಥಗಳನ್ನು ಮಾರುವ ಅಂಗಡಿಯವನು. ಅವನ ತಪಸ್ಸು ಯಾವುದೆಂದರೆ, ತನ್ನ ತಕ್ಕಡಿಯು ಎಲ್ಲ ಪ್ರಾಣಿಗಳ ವಿಷಯದಲ್ಲಿಯೂ ಸಮವಾಗಿರುವುದೆಂಬುದೇ. ಅವನು ಗಿರಾಕಿಗಳಿಗೆ ಬೆಲ್ಲ ಕೊಡುತ್ತಿದ್ದನೆಂದು ಕಥೆಯಲ್ಲಿ ಇಲ್ಲ. ತನಗೆ ಬೇಕಾದವರು, ಬೇಡದವರು ಎಂಬುದೇ ಅವನಿಗೆ ಇರಲಿಲ್ಲವಾಗಿ, ಅದು ಬೇಕಾಗಿರಲಿಲ್ಲವೆಂದು ತೋರುತ್ತದೆ.

ಆ ಸಮತ್ವವನ್ನು ಎಲ್ಲ ಅಂಗಡಿಯವರಲ್ಲಿಯೂ ನಿರೀಕ್ಷಿಸುವಂತಿಲ್ಲವಾದ್ದರಿಂದ ರಾಜ್ಯವು ಅದನ್ನು ವಿಧಿಸಬೇಕಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ೧೯೦೫ರಲ್ಲಿ ದೊರೆತು, ೧೯೦೯ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಸ್ವದೇಶದ ಸರಕಿನ ಮೇಲೆ ನೂರಕ್ಕೆ ೫, ಪರದೇಶದ ಸರಕಿನ ಮೇಲೆ ನೂರಕ್ಕೆ ೧೦ ಎಂದು ಲಾಭಕ್ಕೂ ಅಲ್ಲಿ ಮಿತಿಯುಂಟು. ಪಾಶ್ಚಾತ್ಯ ದೇಶಗಳಲ್ಲಿ ಇದೇ ಕಾರ್ಯವು ಬೇರೆ ಬಗೆಯಲ್ಲಿ ನಡೆಯಿತು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ ೧೮೪೪ರ ಡಿಸೆಂಬರಿನಲ್ಲಿ ೨೮ ಮಂದಿ ಸಣ್ಣ ಆದಾಯದವರು ಕೂಡಿ ತಾವೇ ಒಂದು ಅಂಗಡಿಯನ್ನು ತೆರೆದು, ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಪೂರ್ಣ ತೂಕದಲ್ಲಿ ಮಾರಿ, ಬಂದ ಲಾಭವನ್ನು ಕೊಂಡವರಿಗೇ ಹಂಚಿದರು. ಪ್ಯಾರಿಸಿನ ಬಾನ್ ಮಾರ್ಷೆಯಲ್ಲಿ ಬೂಸಿಕೋ ಎಂಬವನು ೧೮೫೨ರಿಂದ ಈಚೆಗೆ ವಸ್ತುಗಳ ಮೇಲೆ ನಿಶ್ಚಿತ ಬೆಲೆಯನ್ನು ಬರೆದಿಟ್ಟನು. ಚೌಕಾಸಿ ಬಲ್ಲವನಿಗೂ ಬಾರದವನಿಗೂ ಒಂದೇ ಬೆಲೆ. ೧೯೧೬ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ, ಗಿರಾಕಿಯು ತಾನೇ ಒಳಗೆ ಹೋಗಿ ಸಾಮಾನನ್ನು ಆರಿಸಿಕೊಳ್ಳುವ ಅಂಗಡಿಯು ತೆರೆಯಿತು. ಜಗಲಿಯೂ ಬೀದಿಯೂ ಎಂಬ ಭೇದವು ಅಂಥ ಅಂಗಡಿಯಲ್ಲಿ ನಿಲ್ಲುವುದಕ್ಕೆ ಸ್ಥಳವೇ ಇಲ್ಲ. ನಮ್ಮಲ್ಲಿ ಪೊಟ್ಟಣದ ಮೇಲೆ ತೂಕವನ್ನೂ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮಗಳು ೧೯೭೭ರಲ್ಲಿ ಬಂದುವು. ತೆರಿಗೆಯೂ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕುವ ಪದ್ಧತಿಯು ೧೯೯೦ರಿಂದ ಬಂದಿತು.

ಆ ಅಚ್ಚಿನ ಬೆಲೆಯನ್ನು ನಾನು ಬಹುಕಾಲ ಒಣ ವಿಷಯವೆಂದು ತಿಳಿದಿದ್ದೆನು. ಬೀದಿಯಲ್ಲಿ ನಿಂತಿದ್ದ ಹುಡುಗನಿಗೆ ಅದೊಂದು ಶಾಸನ. ಅವನ ತಾಯಿಗೆ ಓದಲು ಬಾರದಿದ್ದರೂ ಓದಬಲ್ಲ ಮಗನು ಮನೆಯಲ್ಲಿ ಇದ್ದನು. ನಮ್ಮೂರ ಹಳೆಯ ಪುಸ್ತಕವನ್ನು ಅವರ ಮನೆಯವರು ಯಾರೂ ಓದಲು ಸಾಧ್ಯವಿರಲಿಲ್ಲ. ಪೊಟ್ಟಣದ ಮೇಲಿನ ಬರಹವನ್ನು ಯಾರು ಬೇಕಾದರೂ ಓದಬಹುದು.

೪

ಹಾಗಾದರೆ ಸಿದ್ಧಾಂತವು ಇಷ್ಟೇ ಆಯಿತೆ? ತೂಕ ಸರಿಯಾಗಿರಲಿ, ಬೆಲೆ ಎಲ್ಲರಿಗೂ ಒಂದಾಗಿರಲಿ, ಕೊಸರು ಹೋದರೆ ಹೋಗಲಿ ಎಂದು ಕೈತೊಳೆದುಕೊಳ್ಳಬಹುದೆ? ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದುವರಿಯಲಾರೆನು.

ಉಪಾಧ್ಯಾಯನಾಗಿ ಪೇಟೆ ಸೇರಿದ ಮೇಲೆ, ತಿಂಗಳ ಸಂಬಳ ಬಂದ ಕೂಡಲೆ ಮನೆಗೆ ಬೇಕಾದ ದಿನಸಿಯನ್ನೆಲ್ಲ ಪೇಟೆಯ ಮಳಿಗೆಯಿಂದ ನಗದು ಕೊಟ್ಟು ತರುತ್ತಿದ್ದೆನು. ಅಲ್ಲಿ ನಾಲ್ಕು ಕಾಸು ಅಗ್ಗ. ಊರಿನಲ್ಲಿದ್ದ ತಾಯಿಗೂ ಅಲ್ಲಿಂದಲೇ ಕಳುಹಿಸುತ್ತಿದ್ದೆನು. ತಿಂಗಳ ಕೊನೆಯಲ್ಲಿ ಎಣ್ಣೆಯೋ ಬೇಳೆಯೋ ಮುಗಿದರೆ ಆಕೆಯು ಹಳೆಯ ಅಂಗಡಿಯಿಂದ ಉದ್ದರಿ ತರುತ್ತಿದ್ದಳು. ನಾನೊಬ್ಬನೇ ಅಲ್ಲ, ಊರಿನ ಅನುಕೂಲಸ್ಥರೆಲ್ಲ ಹೀಗೆಯೇ ಮಾಡಿದರು. ನಗದು ಪೇಟೆಗೆ, ಕಡ ಹಳ್ಳಿಗೆ. ವಿಚಾರಿಸಿ ನೋಡಿದರೆ, ಹಳ್ಳಿಯ ಅಂಗಡಿಯು ಬೀಳುವುದಕ್ಕೆ ಪೇಟೆಯ ಮಳಿಗೆಯ ಚಾತುರ್ಯವು ಎಷ್ಟು ಕಾರಣವೋ ನಮ್ಮ ಈ ಹಂಚಿಕೆಯೂ ಅಷ್ಟೇ ಕಾರಣವೆಂದು ತಿಳಿಯುವುದು. ನಗದಿನ ವ್ಯಾಪಾರದ ಲಾಭದಿಂದಲೇ ಉದ್ದರಿಯ ನಷ್ಟವನ್ನು ತುಂಬಿಕೊಳ್ಳಬೇಕು. ನಗದು ಹೋದ ಮೇಲೆ ಉದ್ದರಿಯನ್ನು ಹೊರುವ ಶಕ್ತಿಯು ಯಾವ ಅಂಗಡಿಗೂ ಇರದು. ರಾಚ್‌ಡೇಲಿನ ಧರ್ಮಿಷ್ಠರೂ ಇದನ್ನು ತಿಳಿದೇ, ತಮ್ಮ ಅಂಗಡಿಯಲ್ಲಿ ಸಾಲವೇ ಇಲ್ಲವೆಂದು ವಿಧಿಸಿಕೊಂಡಿದ್ದರು.

೧೯೯೮ರಲ್ಲಿ ತಾಯಿಯು ತೀರಿಕೊಂಡ ಮೇಲೆ, ಉತ್ತರಕ್ರಿಯೆಗಳನ್ನು ಮುಗಿಸಿಕೊಂಡು, ಆಕೆಯ ಕಡವನ್ನು ಸಲ್ಲಿಸಲೆಂದು ಅಂಗಡಿಗೆ ಹೋದೆನು. ಗೂಡುಗಳು ಅರ್ಧ ಬರಿದಾಗಿದ್ದುವು. ಯಜಮಾನರು ಬಹಳ ಮುದುಕರಾಗಿದ್ದರು. ಪುಸ್ತಕವನ್ನು ತೆಗೆಸಿ, ನಮ್ಮ ಮನೆಯ ಹಾಳೆಗೆ ಅವರಾಗಲೇ ಅಡ್ಡಗೆರೆ ಎಳೆದಿದ್ದುದನ್ನು ತೋರಿಸಿದರು. ‘ಅಮ್ಮನೋರ ಲೆಕ್ಕ ಮುಗೀತು ಸ್ವಾಮಿ. ಅದು ಕೊಸರು ಅಂದ್ಕೊಳ್ಳಿ’ ಎಂದರು. ನಾನು ಕಣ್ಣೀರು ಒರಸಿಕೊಂಡು ಹಿಂದಿರುಗಿದೆನು. ಹಣವನ್ನೂ ಹಿಂದಕ್ಕೆ ತಂದೆನು. ಮರುವರ್ಷ ಅಂಗಡಿಯು ಮುಚ್ಚಿತು. ಮದುವೆಯ ಮನೆಯಲ್ಲಿ ಸಹಪಾಠಿಯ ಮಾತನ್ನು ಕೇಳಿದ ರಾತ್ರಿ ನನಗೆ ಈ ಅಡ್ಡಗೆರೆಯು ನೆನಪಿಗೆ ಬಂದು ನಿದ್ರೆಯಾಗಲಿಲ್ಲ. ಅವರ ತಾಯಿಯ ಹಾಳೆಗೆ ಯಾರೂ ಗೆರೆ ಎಳೆಯಲಿಲ್ಲ. ಅದು ಹುಣಿಸೆಹಣ್ಣಿನಲ್ಲಿ ತೀರಿತು. ಸಂಬಳ ಬರುವವನ ಕಡಕ್ಕೆ ಕ್ಷಮೆ, ಕೂಲಿಯವಳ ಕಡಕ್ಕೆ ದುಡಿಮೆ. ಯಜಮಾನರು ದುಷ್ಟರಾಗಿದ್ದರೆಂದು ನಾನು ಇಂದಿಗೂ ಹೇಳಲಾರೆನು. ಅವರ ದಯೆಯು ನಿಜವಾದದ್ದೇ. ಆದರೆ ಅದು ಜಗಲಿಯಿಂದ ಕೆಳಕ್ಕೆ ಇಳಿಯಲಿಲ್ಲ, ನಾನೂ ಇಳಿಸಲಿಲ್ಲ.

೫

ಇನ್ನೊಂದು ಕಡೆಯನ್ನೂ ನೋಡೋಣ. ಹೊಸ ವ್ಯಾಪಾರದಲ್ಲಿ ಕೊಸರು ಇಲ್ಲವೆಂದು ಯಾರೂ ತಿಳಿಯಬಾರದು. ಒಂದನ್ನು ಕೊಂಡರೆ ಇನ್ನೊಂದು ಉಚಿತವೆಂಬ ಫಲಕಗಳನ್ನು ಎಲ್ಲೆಲ್ಲಿಯೂ ಕಾಣುತ್ತೇವೆ. ಮನೆಯ ಬಾಗಿಲಿಗೆ ತರಕಾರಿ ಕಳುಹಿಸುವ ಸಂಸ್ಥೆಯೊಂದು ೨೦೨೪ರಲ್ಲಿ ಕೊತ್ತಂಬರಿ ಸೊಪ್ಪನ್ನು ಉಚಿತವಾಗಿ ಸೇರಿಸತೊಡಗಿತು; ಮುದುಕಿಯರ ಕೊಸರನ್ನು ನೋಡಿಯೇ ಕಲಿತ ಪಾಠವೆಂಬುದು ಸ್ಪಷ್ಟ. ಇದರಲ್ಲಿ ಪಾಪವೇನೂ ಇಲ್ಲ. ಆದರೆ ಇದು ಎಷ್ಟು ಕೊಟ್ಟರೆ ಎಷ್ಟು ಬರುವುದೆಂದು ಮೊದಲೇ ಎಣಿಸಿ ಕೊಟ್ಟದ್ದು. ಬೆಲೆಯ ಒಂದು ಭಾಗವೇ ಆಗಿದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಚಮತ್ಕಾರವೂ ಉಂಟು. ಬೆಲೆಯು ಹಾಗೆಯೇ ಇದ್ದು ಪೊಟ್ಟಣದೊಳಗಿನ ಬಿಸ್ಕತ್ತುಗಳು ಕಡಮೆಯಾಗುತ್ತವೆ. ತೂಕವನ್ನು ಹೊರಗೆ ಸರಿಯಾಗಿಯೇ ಅಚ್ಚು ಹಾಕಿರುತ್ತಾರೆ; ಆದ್ದರಿಂದ ಸುಳ್ಳಲ್ಲ. ಆದರೆ ಮಗುವು ಐದು ರೂಪಾಯಿಯನ್ನು ನೋಡುತ್ತದೆ, ಗ್ರಾಮುಗಳನ್ನು ನೋಡುವುದಿಲ್ಲ. ಇದನ್ನು ಹಿಂದುಮುಂದಾದ ಕೊಸರೆಂದು ಕರೆಯಬಹುದು. ಕೊಳ್ಳುವವನು ತನಗೆ ತಿಳಿಯದೆ ಮಾರುವವನಿಗೆ ಕೊಡುವ ಕೊಸರು.

೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಡೆದುದನ್ನೂ ನೆನೆಯಬೇಕು. ಆ ದಿನಗಳಲ್ಲಿ ನಮ್ಮ ಬೀದಿಯ ಕೂಲಿಯವರಿಗೆ ದುಡಿಮೆಯಿರಲಿಲ್ಲ, ಆದ್ದರಿಂದ ನಗದೂ ಇರಲಿಲ್ಲ. ಬೀದಿಯ ಮೂಲೆಯಲ್ಲಿ ಚಿಕ್ಕ ಅಂಗಡಿಯಿಟ್ಟುಕೊಂಡಿರುವ ಹೆಂಗಸೊಬ್ಬಳು ಶಾಲೆಯ ನೋಟುಪುಸ್ತಕದಲ್ಲಿ ಹೆಸರುಗಳನ್ನು ಬರೆದುಕೊಂಡು ಅಕ್ಕಿ ಬೇಳೆ ಕೊಟ್ಟಳು. ಯಾರ ಕೇರಿಯನ್ನೂ ಕೇಳಲಿಲ್ಲ. ಎಲ್ಲವೂ ಹಿಂದಕ್ಕೆ ಬಂದಿತೇ ಎಂದು ಆಮೇಲೆ ನಾನು ವಿಚಾರಿಸಿದ್ದಕ್ಕೆ, ‘ಬರೋದು ಬಂತು ಮೇಷ್ಟ್ರೇ’ ಎಂದಷ್ಟೇ ಹೇಳಿದಳು. ಈಗ ಅವಳ ಅಂಗಡಿಯಲ್ಲಿಯೂ ಚೌಕದ ಗುರುತಿನ ಫಲಕವಿದೆ. ಹಣ ಬಂದಿತೆಂದು ಪೆಟ್ಟಿಗೆಯೊಂದು ಕನ್ನಡದಲ್ಲಿ ಕೂಗುತ್ತದೆ. ೨೦೧೬ರಲ್ಲಿ ಮೊದಲಾದ ಈ ಪದ್ಧತಿಯು ಹತ್ತು ವರ್ಷದೊಳಗೆ ಹಳ್ಳಿಗೂ ಬಂದುಬಿಟ್ಟಿದೆ. ನೋಟುಪುಸ್ತಕವೂ ಗಲ್ಲಾಪೆಟ್ಟಿಗೆಯ ಕೆಳಗೆ ಇನ್ನೂ ಇದೆ.

೬

ಈಗ ಸಿದ್ಧಾಂತ. ಅರ್ಥಶಾಸ್ತ್ರದ ತೂಕದ ಪ್ರಕರಣದಲ್ಲಿ ನನ್ನನ್ನು ಬೆರಗುಗೊಳಿಸಿದ ಒಂದು ವಿಧಿಯಿದೆ. ದ್ರವಪದಾರ್ಥಗಳನ್ನು ಅಳೆದು ಕೊಡುವಾಗ, ಐವತ್ತರಲ್ಲಿ ಒಂದು ಭಾಗವನ್ನು ಮಾನಸ್ರಾವವೆಂಬ ಹೆಸರಿನಲ್ಲಿ ಹೆಚ್ಚಾಗಿ ಕೊಡಬೇಕೆಂದು ಅಲ್ಲಿ ಹೇಳಿದೆ. ತುಪ್ಪಕ್ಕೆ ಮೂವತ್ತೆರಡರಲ್ಲಿ ಒಂದು ಭಾಗ, ಎಣ್ಣೆಗೆ ಅರುವತ್ತನಾಲ್ಕರಲ್ಲಿ ಒಂದು ಭಾಗವನ್ನು ತಪ್ತವ್ಯಾಜಿಯೆಂದು ಬೇರೆಯಾಗಿ ವಿಧಿಸಿದೆ. ಮಾನಸ್ರಾವಕ್ಕೆ ಕಾರಣವೇನೆಂದರೆ, ಅಳೆಯುವ ಪಾತ್ರೆಗೆ ಸ್ವಲ್ಪ ಅಂಟಿಕೊಳ್ಳುತ್ತದೆ, ಸ್ವಲ್ಪ ಹೊರಗೆ ಸುರಿದುಹೋಗುತ್ತದೆ; ಆ ನಷ್ಟವು ಕೊಳ್ಳುವವನ ತಲೆಯ ಮೇಲೆ ಬೀಳಬಾರದು. ನೆತ್ತಿಯ ಮಟ್ಟಕ್ಕೆ ತುಂಬಿ ಸರಿಯಾಗಿ ಅಳೆದರೂ ಅಳತೆಯು ತನ್ನೊಳಗೆ ಏನನ್ನೋ ಉಳಿಸಿಕೊಳ್ಳುತ್ತದೆಂದು ಕೌಟಿಲ್ಯನಂಥ ಲೆಕ್ಕದ ಮನುಷ್ಯನೇ ಒಪ್ಪಿದನು. ಹೀಗೆ ಹೆಚ್ಚಾಗಿ ಕೊಡತಕ್ಕದ್ದು ದಾನವಲ್ಲ, ಕೊಳ್ಳುವವನಿಗೆ ಸಲ್ಲಬೇಕಾದ ಪಾಲು.

ಇದರಿಂದ ಕೊಸರು ಎರಡು ವಿಧವೆಂದು ತಿಳಿಯತಕ್ಕದ್ದು. ಮಾರುವವನು ತನಗೆ ಬೇಕಾದವರಿಗೆ ಮಾತ್ರ ಕೊಡುವುದು ಒಂದು. ಅದು ಸಿಹಿಯಾದದ್ದೇ, ಆದರೆ ತೂಕವು ಎಲ್ಲರಿಗೂ ಸಮವಾದ ಮೇಲೆ ಮಾತ್ರ ಅದಕ್ಕೆ ಅವಕಾಶವುಂಟು. ಅದಕ್ಕೆ ಮೊದಲು ಕೊಟ್ಟರೆ ಒಬ್ಬನ ಅಂಗೈಯ ಬೆಲ್ಲವು ಇನ್ನೊಬ್ಬನ ಪೊಟ್ಟಣದಿಂದ ಬಂದದ್ದಾಗುತ್ತದೆ. ಅಳತೆಯು ತನ್ನಲ್ಲಿ ಉಳಿಸಿಕೊಂಡದ್ದನ್ನು ಹಿಂದಕ್ಕೆ ಕೊಡುವುದು ಎರಡನೆಯದು. ಇದು ಎಲ್ಲರಿಗೂ ಸಲ್ಲಬೇಕು. ಮುಖ್ಯವಾಗಿ ಅಳತೆಯು ಮುಟ್ಟದವರಿಗೆ ಸಲ್ಲಬೇಕು. ಹಳೆಯ ಅಳತೆಗೆ ಬೀದಿಯ ಹುಡುಗನು ಅಂಟಿಕೊಂಡು ಉಳಿದನು. ಹೊಸ ಅಳತೆಗೂ ಹೀಗೆ ಉಳಿದುಹೋಗುವವರು ಇದ್ದಾರೆ: ಪೊಟ್ಟಣದ ಸಣ್ಣ ಅಕ್ಷರವನ್ನು ಓದಲಾರದ ಮುದುಕರು, ದೂರವಾಣಿಯಿಲ್ಲದ ವಿಧವೆ, ಶನಿವಾರ ಕೂಲಿ ಬರುವವನಿಗೆ ಬುಧವಾರ ಬರುವ ಹಸಿವು. ಇವರಿಗೆ ಸಲ್ಲತಕ್ಕದ್ದನ್ನು ಯಂತ್ರವು ತಾನಾಗಿ ಕೊಡಲಾರದು. ಯಂತ್ರದ ಪಕ್ಕದಲ್ಲಿ ಮನುಷ್ಯನೊಬ್ಬನು ಇರಬೇಕು.

ಕೊಳ್ಳುವವನಿಗೂ ಇಲ್ಲಿ ಧರ್ಮವುಂಟು. ನೋಟುಪುಸ್ತಕವಿಟ್ಟವಳ ಅಂಗಡಿಗೆ ಉದ್ದರಿಗೆ ಮಾತ್ರ ಹೋಗಿ, ನಗದನ್ನೆಲ್ಲ ಬೇರೆಡೆಗೆ ಒಯ್ಯುವವನು ಆ ಪುಸ್ತಕದ ಹಾಳೆಗಳನ್ನು ತಾನೇ ಹರಿಯುತ್ತಿದ್ದಾನೆ. ಈ ವಿಷಯದಲ್ಲಿ ಉಪದೇಶ ಮಾಡುವ ಯೋಗ್ಯತೆಯು ನನಗೆ ಇಲ್ಲ. ಮೂರು ವರ್ಷಗಳಿಂದ ತಿಂಗಳ ದಿನಸಿಯನ್ನು ನಗದು ಕೊಟ್ಟು ಅವಳಲ್ಲಿಯೇ ತರುತ್ತಿದ್ದೇನೆ. ೧೯೯೮ರಲ್ಲಿ ಹಿಂದಕ್ಕೆ ತಂದ ಹಣವು ಇದರಿಂದ ತೀರುವುದಿಲ್ಲವೆಂದು ಬಲ್ಲೆನು; ಸಲ್ಲಬೇಕಾದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ಸಹಪಾಠಿಯ ತಾಯಿ, ಆಕೆಯೂ ಇಲ್ಲ.

ಮೊಮ್ಮಗಳಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಎಣ್ಣೆಯ ಅಳತೆಗೆ ಅಂಟಿಕೊಳ್ಳುವ ಮಾತನ್ನು ಮಾತ್ರ ಹೇಳಿದೆನು. ಅವಳು ಸ್ವಲ್ಪ ಯೋಚಿಸಿ, ‘ಬದನೆಕಾಯಿ ಎಲ್ಲಿಗೂ ಅಂಟಿಕೊಳ್ಳಲ್ಲವಲ್ಲ ತಾತ’ ಎಂದಳು. ಸರಿಯಾದ ಆಕ್ಷೇಪವೇ. ಮರುವಾರ ಸಂತೆಗೆ ಹೋದಾಗ, ಆ ಮುದುಕಿಯು ನಮ್ಮ ಹಿಂದೆ ನಿಂತಿದ್ದವರಿಗೂ ಒಂದೊಂದು ಕಾಯನ್ನು ಹಾಕುತ್ತಾಳೆಯೇ ಎಂದು ನಾನು ನಿಂತು ನೋಡಿದೆನು. ಹಾಕಿದಳು, ಎಲ್ಲರಿಗೂ ಹಾಕಿದಳು.